ರಾಮಪತ್ರೆ ನೋಡಲು ಬಂದ ಖಾಲಾ

ಅಫಜಲಪುರದ ನಮ್ಮ ಪಕ್ಕದ ಮನೆಯ ಖಾಲಾ ಮದುವೆ ಮನೆಗಳಿಗೆ ಬಿರಿಯಾನಿ ಮಸಾಲೆ ಕುಟ್ಟಿ ಕೊಡುತ್ತಾರೆ. ಅವರ ಮೊರದಲ್ಲಿ ಚಕ್ಕೆ, ಲವಂಗದ ಜೊತೆ ಒಣಗಿದ ರಾಮಪತ್ರೆ ಇದ್ದೇ ಇರುತ್ತದೆ. ನನಗೆ ಸಿದ್ದಾಪುರದ ಕಡೆ ನರ್ಸ್ ಕೆಲಸ ಸಿಕ್ಕಾಗ ಅವರು ಕೇಳಿದ್ದು ಒಂದೇ ಮಾತು: "ಆ ಕಡೀ ಕಾಡಿನ್ಯಾಗ ಇದರ ಗಿಡ ಅದಾವಂತ. ನನಗೊಮ್ಮಿ ತೋರಸ್ತೀಯೇನ್ ಬೇಟಿ?"

ಕಳೆದ ಮೇ ತಿಂಗಳಲ್ಲಿ ರಜೆ ಮುಗಿಸಿ ಹೊರಟಾಗ ನನ್ನ ಜೊತೆ ಬಸ್ಸು ಹತ್ತಿಯೇಬಿಟ್ಟರು.

ಅರಣ್ಯ ಇಲಾಖೆಯ ವಾಚರ್ ಒಬ್ಬರು ನಮ್ಮನ್ನು ಕಾಡಿನೊಳಗೆ ಕರೆದೊಯ್ದರು. ನಮ್ಮೂರಲ್ಲಿ ಭೀಮಾ ನದಿಯ ಮರಳು ಸುಡುತ್ತಿತ್ತು. ಇಲ್ಲಿ ಕಪ್ಪು ಕೆಸರು, ಸಣ್ಣಗೆ ಹರಿಯುವ ತಣ್ಣನೆಯ ನೀರು, ಆ ನೀರಿನಲ್ಲೇ ನಿಂತ ಮರಗಳು. ಬೇರುಗಳು ಮೊಣಕಾಲೆತ್ತರಕ್ಕೆ ಕಮಾನಿನಂತೆ ಎದ್ದು ಮತ್ತೆ ಕೆಸರಿಗೆ ಇಳಿದಿದ್ದವು.

"ಕೆಸರಲ್ಲಿ ಗಾಳಿ ಸಿಗೂದಿಲ್ಲ. ಇವು ಉಸಿರಾಡೂದೇ ಈ ಬೇರಿಂದ" ಎಂದರು ವಾಚರ್.

ಖಾಲಾ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಇಳಿಯುತ್ತಲೇ ಕಾಲು ಹೂತುಹೋಯಿತು. ನಾನು ಕೈ ಚಾಚುವಷ್ಟರಲ್ಲಿ ಅವರು ಒಂದು ಬೇರನ್ನು ಅಪ್ಪಿ ಹಿಡಿದಿದ್ದರು. ಅದು ಅಲುಗಲಿಲ್ಲ. ಅದರ ಮೇಲೆಯೇ ಕುಳಿತು ನಗತೊಡಗಿದರು.

ಮೇಲೆಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯಿತು. ಬಿರಿದ ಹಣ್ಣೊಂದು ಕೆಳಗೆ ಬಿತ್ತು. ಒಳಗಿನ ಬೀಜಕ್ಕೆ ಕೆಂಪು ಎಳೆಗಳು ಬಲೆಯಂತೆ ಸುತ್ತಿಕೊಂಡಿದ್ದವು; ಒಣಗಿದರೆ ಅವೇ ರಾಮಪತ್ರೆ. ಖಾಲಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಒಣಗಿದ ಪತ್ರಿನ್ಯಾಗ ಈ ಬಣ್ಣ ಎಲ್ಲಿರ್ತದ? ಒಂದ್ ಬೀಜ ಒಯ್ತೇನ್ರಿ. ಹಿತ್ತಲದಾಗ ಹಚ್ತೇನಿ."

ವಾಚರ್ ಬೇಡವೆಂದು ತಲೆಯಾಡಿಸಿದರು. "ಒಣಗಿದ್ರೆ ಇದಕ್ಕೆ ಜೀವ ಇರೂದಿಲ್ಲ ಅಮ್ಮ. ಈ ನೆರಳು, ಈ ನೀರು ಬೇಕೇ ಬೇಕು."

ಖಾಲಾಗೆ ಬೇಸರವಾದೀತು ಎಂದುಕೊಂಡೆ. ಅವರು ಬಗ್ಗಿ, ಬೀಜವನ್ನು ಒದ್ದೆ ಮಣ್ಣಿನ ಮೇಲಿಟ್ಟು ಎಲೆಯೊಂದರಿಂದ ಮುಚ್ಚಿದರು. "ಇಷ್ಟ್ ದೊಡ್ಡ ಗಿಡ, ಬೀಜ ಮಾತ್ರ ಎಷ್ಟ್ ನಾಜೂಕ ನೋಡ್" ಎಂದರು.

ಸಂಜೆ ಚಹಾ ಕುಡಿಯುತ್ತ ಕೇಳಿದರು, "ನಾಳಿ ನಿಂದು ಡ್ಯೂಟಿ ಯಾವಾಗದ?"

"ಮಧ್ಯಾಹ್ನ ಅದರಿ ಖಾಲಾ. ಯಾಕ್ರಿ?"

"ಮುಂಜಾನೆ ಮತ್ತ ಹೋಗಿ ಬರೋಣು. ಗಿಡದ ತುದಿ ನೋಡೋದ ಮರ್ತೆ."

ಮರುದಿನ ವಾಚರ್ ಜೊತೆ ಮತ್ತೆ ಹೋದೆವು. ಖಾಲಾ ಬೇರಿಗೆ ಆತುಕೊಂಡು, ಸೆರಗು ಜಾರಿದ್ದೂ ತಿಳಿಯದೆ ಕತ್ತೆತ್ತಿ ಹುಡುಕಿದರು. ಎಲೆಗಳ ಮೇಲೆ ಎಲೆ, ಅದರ ಮೇಲೆ ಇನ್ನಷ್ಟು ಎಲೆ.

"ತುದಿ ಕಾಣವಲ್ದು, ಅಷ್ಟ್ ಎತ್ತರ ಅದ" ಎಂದರು. ಆ ದನಿಯಲ್ಲಿ ಸಂತೋಷವಿತ್ತು.