ಹಗೇವಿಗೆ ಇಳಿದ ಡೀಸೆಲ್

ಎಣ್ಣೆ ಒಂದು ದಿನ ಮುಗಿಯುತ್ತದೆ ಎಂದು ನಮ್ಮ ಊರಿನಲ್ಲಿ ಮೊದಲು ಹೇಳಿದವರು ನನ್ನ ಮಾವ. ಒಗ್ಗರಣೆಯ ಎಣ್ಣೆಯಲ್ಲ, ಇಂಜಿನ್ನಿಗೆ ಹಾಕುವ ಎಣ್ಣೆ. ಜನ ನಕ್ಕರು. ಅವರ ಮಾತು ಸುಳ್ಳಾಗಿರಲಿಲ್ಲ ಎಂದು ಇಷ್ಟು ವಯಸ್ಸಾದ ಮೇಲೆ ನನಗೆ ಗೊತ್ತಾಗಿದೆ. ಆದರೆ ಮಾತು ಖರೆ ಇದ್ದವರು ಕೆಲಸವನ್ನೂ ಸರಿಯಾಗಿ ಮಾಡುತ್ತಾರೆ ಅಂತೇನಿಲ್ಲವಲ್ಲ. ನನ್ನ ಹೊಟ್ಟೆಯ ಸಂಕಟ ಅದೇ.

ನಾನು ಜೇವರ್ಗಿ ತಾಲ್ಲೂಕಿನ ಅಂದೋಲಾದ ಮಗಳು. ಮದುವೆಯಾಗಿ ಬಂದದ್ದು ಆಳಂದ ತಾಲ್ಲೂಕಿಗೆ, ನಿಂಬರ್ಗಾದ ಹತ್ತಿರದ ಒಂದು ಹಳ್ಳಿಗೆ. ಗಂಡನಿಗೆ ಅಫಜಲಪುರದಲ್ಲಿ ನೌಕರಿ, ರಜೆ ಸಿಕ್ಕಾಗ ಬಂದು ಮುಖ ತೋರಿಸಿ ಹೋಗುವ ಬೀಗರ ಹಾಗೆ. ಮನೆಯಲ್ಲಿ ಉಳಿದವರು ಅತ್ತೆ, ಮಾವ, ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರು ಮೊದಲೇ ಹೇಳಿ ಕೈ ತೊಳೆದುಕೊಂಡಿದ್ದರು. ಅದಕ್ಕೆ ಅತ್ತೆ, "ಇರಲಿ ಬಿಡ್ರಿ, ಸಪ್ಪನ ಸೊಸಿಗಿಂತ ಖಾರ ಇದ್ದಾಕಿ ಚಲೋ" ಅಂದಿದ್ದರಂತೆ. ಆ ಮಾತಿಗೇ ನಾನು ಅವರ ಕಡೆಯವಳಾಗಿಬಿಟ್ಟೆ.

ಮನೆಯ ಮುಂದಿನ ಅಂಗಳದಲ್ಲಿ ಎರಡು ಹಗೇವು ಇದ್ದವು. ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಟ್ಟೆ. ಗೋಡೆಗೆ ಜೋಳದ ಸೊಪ್ಪೆ ಒತ್ತಿ, ಬೂದಿ ಹರಡಿ, ಬೇವಿನ ತಪ್ಪಲು ಹಾಕಿ ಬಿಳಿಜೋಳ ತುಂಬುತ್ತಿದ್ದರು. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಎಳೆದರೆ ವರ್ಷಗಟ್ಟಲೆ ಕಾಳಿಗೆ ಏನೂ ಆಗುತ್ತಿರಲಿಲ್ಲ. ದೊಡ್ಡದು ಯಾವಾಗಲೂ ತುಂಬಿರುತ್ತಿತ್ತು. ಅದರ ಪಕ್ಕದ ಸಣ್ಣದು ಬೆಳೆ ಹೆಚ್ಚು ಬಂದ ವರ್ಷ ಮಾತ್ರ ತುಂಬುತ್ತಿತ್ತು.

ಆ ದೊಡ್ಡ ಹಗೇವು ಅತ್ತೆಯದು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವರು ಹೇಳದೆ ಅದರ ಕಲ್ಲು ಸರಿಯುತ್ತಿರಲಿಲ್ಲ. ಆಷಾಢದಲ್ಲಿ ಕೂಲಿಯವರ ಮನೆಯ ಕಾಳು ತೀರಿರುತ್ತದೆ, ಹೊಸ ಬೆಳೆ ಇನ್ನೂ ಎಲ್ಲೋ ಇರುತ್ತದೆ. ಆಗ ನಮ್ಮ ಹೊಲಕ್ಕೆ ಬರುವ ಹೆಂಗಸರು ಪುಟ್ಟಿ ಹಿಡಿದು ಬರುತ್ತಿದ್ದರು. ಅತ್ತೆ ತುಂಬಿಸಿ ಕಳಿಸುತ್ತಿದ್ದರು. "ನಮ್ಮ ಹೊಲದಾಗ ದುಡದ ಕೈ ಆಷಾಢದಾಗ ಖಾಲಿ ಇರಬಾರದು ಬೇ, ಅದು ನಮಗ ಶೋಭಾ ಅಲ್ಲ" ಎಂದು ನನಗೆ ಹೇಳಿದ್ದರು. ಅವರಿಗೆ ಬಂಗಾರದ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ. ಅವರ ಮಾನವೆಲ್ಲ ಇದ್ದದ್ದು ಆ ಮಣ್ಣಿನ ಹೊಟ್ಟೆಯಲ್ಲಿ.

ಮಾವನ ಮಾನ ಇದ್ದದ್ದು ಬಾವಿಯ ದಂಡೆಯ ಇಂಜಿನ್ನಿನಲ್ಲಿ. ನಾನು ಬರುವುದಕ್ಕೆ ಸ್ವಲ್ಪ ಮೊದಲು ಎತ್ತು ಕಟ್ಟಿ ನೀರೆತ್ತುವುದನ್ನು ಬಿಟ್ಟು ಅದನ್ನು ತಂದಿದ್ದರು. ಅದು ಟುಕುಟುಕು ಅನ್ನತೊಡಗಿದರೆ ಗೋದಿ ಮಡಿಗೂ ಕಬ್ಬಿಗೂ ನೀರು ಓಡುತ್ತಿತ್ತು. ಮಾವ ಧೋತರದ ತುದಿ ಹಿಡಿದುಕೊಂಡು ನೀರಿನ ಜೊತೆಗೇ ನಡೆಯುತ್ತಿದ್ದರು. ಅದನ್ನು ರಿಪೇರಿ ಮಾಡುತ್ತಿದ್ದವನು ಪಕ್ಕದ ಓಣಿಯ ಒಬ್ಬ ಮುಸಲ್ಮಾನ ಮಿಸ್ತ್ರಿ. ಮಾವನ ಗೆಳೆಯ, ನಗೆಗಾರ ಮನುಷ್ಯ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಡೀಸೆಲ್ಲಿಗೆ ತುಟ್ಟಿ ಕಾಲ ಬಂತು. ಎಲ್ಲೋ ದೂರದ ಎಣ್ಣೆ ದೇಶಗಳಲ್ಲಿ ಗದ್ದಲವೆಂದು ರೇಡಿಯೋ ಹೇಳುತ್ತಿತ್ತು. ಆಳಂದದ ಪೆಟ್ರೋಲ್ ಪಂಪಿನ ಮುಂದೆ ಜನ ಡಬ್ಬಿಗಳನ್ನು ಸಾಲಾಗಿ ಇಟ್ಟು, ತಾವು ಗಿಡದ ನೆರಳಿನಲ್ಲಿ ಕೂತಿರುತ್ತಿದ್ದರು. ಅಫಜಲಪುರದ ಕಡೆ ಭೀಮಾ ದಂಡೆಗುಂಟ ಇಂಜಿನ್ನುಗಳು ಸುಮ್ಮನೆ ನಿಂತಿವೆ, ನೀರು ಕಣ್ಣ ಮುಂದೆ ಹರಿಯುತ್ತಿದ್ದರೂ ಕಬ್ಬು ಒಣಗುತ್ತಿದೆ ಎಂದು ನನ್ನ ಗಂಡ ಬಂದಾಗ ಹೇಳಿದರು. ಅದನ್ನು ಕೇಳಿ ಮಾವನಿಗೆ ಊಟ ಸೇರಲಿಲ್ಲ.

"ಇದು ಇವತ್ತಿನ ಮಾತಲ್ಲ," ಎಂದರು ಮಿಸ್ತ್ರಿಗೆ, ನಮ್ಮ ಕಟ್ಟೆಯ ಮೇಲೆ ಕೂತು. "ಬಾವಿಗಿ ತಳ ಇರತದ. ಎಣ್ಣಿ ಬಾವಿಗೂ ತಳ ಇರಬೇಕಲ್ಲ? ಜಗತ್ತೆಲ್ಲ ಸೇರಿ ಸೇದಾಕತ್ತದ. ಒಂದಿನ ಕೊಡಕ್ಕ ಬರೇ ರಾಡಿ ಬರತದ ನೋಡು."

ಮಿಸ್ತ್ರಿ ಬೀಡಿ ಆರಿಸಿದ. "ಅಲ್ಲಾನ ಖಜಾನಾ ಅದ ಮಾಲಕ್ರ, ನಾವು ಇರೂತನಕ ಖಾಲಿ ಆಗಂಗಿಲ್ಲ ಬಿಡ್ರಿ."

"ನಾವು ಇರೂತನಕ ಅಂತ ಅನ್ನಾಕ ನಾವೇನು ಉಂಡು ಹೋಗೂ ಪಾವಣ್ಯಾರೇನು? ಹಿಂದ ಬರೋರು ಏನು ಮಾಡಬೇಕು?"

ಬಾಗಿಲ ಹಿಂದೆ ನಿಂತು ಕೇಳಿದ್ದೆ. ಎಂಥ ಮಾತು ಹೇಳಿದರು ನಮ್ಮ ಮಾವ ಎಂದು ಈಗಲೂ ಅನಿಸುತ್ತದೆ. ಇಂಥ ವಿಚಾರ ಇದ್ದ ಮನುಷ್ಯ ಬಾವಿಗೆ ಮತ್ತೆ ಎತ್ತು ಕಟ್ಟಬಹುದಿತ್ತು, ಕಬ್ಬು ಬಿಟ್ಟು ತೊಗರಿ ಹಾಕಬಹುದಿತ್ತು. ಮಾಡಿದ್ದೇನು? ಕೂಡಿಡಲು ಹೊರಟರು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಆ ಗಾದೆಯನ್ನೇ ಹಿಡಿದುಕೊಂಡರು.

ಖಜೂರಿಯ ಹತ್ತಿರ ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳು ನಿಲ್ಲುತ್ತಿದ್ದವು. ಅಲ್ಲಿಯ ಡ್ರೈವರುಗಳಿಂದ ಮಿಸ್ತ್ರಿ ಸ್ವಲ್ಪ ಸ್ವಲ್ಪವಾಗಿ ಡೀಸೆಲ್ ಕೊಡಿಸಿದ. ಅದನ್ನು ಬ್ಯಾರಲ್‌ನಲ್ಲಿ ಹಾಕಿ, ಜೋಳದ ದಂಟಿನ ಕಣಿಕೆಯ ಕೆಳಗೆ ಮುಚ್ಚಿಕೊಂಡು ಬಂಡಿಯಲ್ಲಿ ತಂದರು. ಮನೆಯಲ್ಲಿ ಇಟ್ಟರೆ ಬೆಂಕಿಯ ಭಯ, ಬಾವಿಯ ಕೊಟ್ಟಿಗೆಯಲ್ಲಿ ಇಟ್ಟರೆ ಕಳ್ಳರ ಭಯ. ಸಣ್ಣ ಹಗೇವು ಆ ವರ್ಷ ಖಾಲಿ ಇತ್ತು. ಮಾವನ ಕಣ್ಣು ಅದರ ಮೇಲೆ ಬಿತ್ತು.

ಅತ್ತೆ ತಡೆದರು. "ಕೂಳು ಇಡೂ ಜಾಗಾ ಅದು. ಅದರಾಗ ಅದೇನು ಇಡತೀರಿ?"

"ಅದು ಬಂದಿದ್ದೇ ಭೂಮಿ ಹೊಟ್ಟ್ಯಾಗಿಂದ. ಭೂಮಿ ಹೊಟ್ಟಿ ಅದಕ ಹೊಸಾದೇನು?" ಎಂದರು ಮಾವ. ಅವರ ಮಟ್ಟಿಗೆ ಅದು ಮುಗಿದ ಮಾತು.

ಲಾರಿಯವರು ತಮ್ಮ ಬ್ಯಾರಲ್ ವಾಪಸು ಬೇಕೆಂದರು. ಮಾವ ಕುಂಬಾರನಿಂದ ದೊಡ್ಡ ದೊಡ್ಡ ಹರವಿ ತರಿಸಿದರು, ಮಣ್ಣಿನವು. ಕುಸುಬಿ ಎಣ್ಣೆಯನ್ನು ನಮ್ಮ ಹಿರಿಯರು ಮಣ್ಣಿನ ಗಡಿಗೆಯಲ್ಲೇ ಇಡುತ್ತಿರಲಿಲ್ಲವೇ, ಇದೂ ಎಣ್ಣೆಯೇ ಅಲ್ಲವೇ ಎಂಬುದು ಅವರ ಲೆಕ್ಕ. ಸಣ್ಣ ಹಗೇವಿಗೆ ಹೊಸ ಸೊಪ್ಪೆ ಒತ್ತಿಸಿದರು. ಬೂದಿ ಹಾಕಿಸಿದರು. ಹರವಿಗಳನ್ನು ಇಳಿಸಿ, ಸಂದಿಯಲ್ಲಿ ಬೇವಿನ ತಪ್ಪಲನ್ನೂ ತುಂಬಿಸಿದರು. ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಡೀಜಲ್ಲಿಗಿ ನುಸಿ ಹತ್ತತಾವೇನ್ರಿ ಮಾಲಕ್ರ?" ಮಾವ ನಗಲಿಲ್ಲ. ಕಲ್ಲು ಮುಚ್ಚಿದ ಮೇಲೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು ಕೈ ಮುಗಿದರು. ಸುಗ್ಗಿಯಲ್ಲಿ ಜೋಳಕ್ಕೆ ಏನೇನು ಮಾಡುತ್ತಿದ್ದರೋ ಅದರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಬೇಸಿಗೆ ಪೂರ್ತಿ ಆ ಎಣ್ಣೆಯನ್ನು ಮುಟ್ಟಲಿಲ್ಲ. ಕಬ್ಬಿನ ಗರಿ ಸುರುಳಿ ಸುತ್ತಿಕೊಂಡರೂ ಆಳಂದದ ಸಾಲಿನಲ್ಲೇ ಹೋಗಿ ನಿಂತರು. "ಇನ್ನೂ ಕೆಟ್ಟ ದಿನ ಬರತಾವ, ಅದಕ್ಕಿರಲಿ" ಎನ್ನುತ್ತಿದ್ದರು. ಕೂಡಿಟ್ಟವನಿಗೆ ಯಾವ ದಿನವೂ ಸಾಕಷ್ಟು ಕೆಟ್ಟದ್ದೆಂದು ಅನಿಸುವುದಿಲ್ಲ, ಇದನ್ನು ನಾನು ಅವರನ್ನು ನೋಡಿಯೇ ಕಲಿತದ್ದು. ಆಮೇಲೆ ಮಳೆ ಬಂತು, ಒಳ್ಳೆಯ ಮಳೆ. ಇಂಜಿನ್ನಿನ ಅಗತ್ಯವೇ ಬೀಳಲಿಲ್ಲ.

ಆಷಾಢ ಬಂತು. ಅತ್ತೆ ದೊಡ್ಡ ಹಗೇವಿನ ಕಲ್ಲು ತೆಗೆಸಿದರು. ತೆಗೆದ ಕೂಡಲೆ ಯಾರೂ ಒಳಗೆ ಇಳಿಯುವುದಿಲ್ಲ, ಕೆಟ್ಟ ಗಾಳಿ ಇರುತ್ತದೆ. ಅದು ಹೋಗಲೆಂದು ಬಿಟ್ಟು ನಾವು ಒಳಗಿನ ಕೆಲಸ ನೋಡುತ್ತಿದ್ದೆವು. ಮೊದಲು ನನಗೇ ವಾಸನೆ ಬಂದದ್ದು. ಹೊರಗೆ ಲಾರಿ ನಿಂತಿದೆಯೇನೋ ಎಂದು ಬಾಗಿಲಿಗೆ ಬಂದು ನೋಡಿದೆ. ಲಾರಿ ಇರಲಿಲ್ಲ. ಅತ್ತೆ ಹಗೇವಿನ ಬಾಯಿಯ ಹತ್ತಿರ ಕೂತು ಒಳಗೆ ಬಗ್ಗಿದ್ದರು.

ಸಣ್ಣ ಹಗೇವನ್ನೂ ತೆಗೆದು ನೋಡಿದರೆ ಹರವಿಗಳು ಬಿರಿದಿದ್ದವು. ಮಳೆಗೆ ಮಣ್ಣು ಉಬ್ಬಿ ಒತ್ತಿತ್ತು. ಒಡೆಯದೆ ಉಳಿದ ಹರವಿಗಳೂ ಮೈಯೆಲ್ಲ ಬೆವೆತು ಅರ್ಧಕ್ಕೆ ಇಳಿದಿದ್ದವು. ಎಣ್ಣೆ ನಡುವಿನ ಮಣ್ಣಿನ ಗೋಡೆ ದಾಟಿ ದೊಡ್ಡ ಹಗೇವಿನ ಸೊಪ್ಪೆಗೆ ಏರಿತ್ತು, ಸೊಪ್ಪೆಯಿಂದ ಜೋಳಕ್ಕೆ. ಸುದ್ದಿ ಕೇಳಿ ಬಂದು ಒಳಗೆ ಇಳಿದ ಮಿಸ್ತ್ರಿ ಒಂದು ಬೊಗಸೆ ಕಾಳು ಮೇಲೆ ಚಾಚಿದ, ಮುಖ ಮಾತ್ರ ಎತ್ತಲಿಲ್ಲ. ಸುತ್ತಲಿನ ಕಾಳಿಗಷ್ಟೇ ಅಲ್ಲ, ನಡುವಿನದಕ್ಕೂ ಅದೇ ವಾಸನೆ.

ಮಾವ ಆ ಕಾಳನ್ನು ಮೂಸಿದರು. ಮತ್ತೆ ಮೂಸಿದರು, ಇನ್ನೊಂದು ಸಲಕ್ಕೆ ಹೋದೀತೇನೋ ಎಂಬಂತೆ.

ಅತ್ತೆ ಎದ್ದು ನಿಂತರು. ಗಂಡನಿಗೆ ಎದುರು ಮಾತಾಡಿದವರೇ ಅಲ್ಲ. "ಎಣ್ಣಿ ಮುಗದಿದ್ರ ಕಬ್ಬಿಲ್ಲದ ಕುಂದರತಿದ್ವಿ. ಇನ್ನ ಕೂಳಿಲ್ಲದ ಹ್ಯಾಂಗ ಕುಂದರೂದು, ಹೇಳ್ರಿ" ಎಂದರು.

ನಾವಿಬ್ಬರೂ ಆ ಜೋಳವನ್ನು ಬಾವಿಯ ನೀರಿನಲ್ಲಿ ತೊಳೆದೆವು, ಮಾಳಿಗೆಯ ಮೇಲೆ ಒಣಹಾಕಿದೆವು, ಮತ್ತೆ ತೊಳೆದೆವು. ಬಿಸಿಲಿಗೆ ವಾಸನೆ ಹೋಯಿತು ಅಂದುಕೊಂಡರೆ ಹಂಚಿನ ಮೇಲೆ ರೊಟ್ಟಿ ಬಿದ್ದ ಕೂಡಲೆ ಮನೆಯೆಲ್ಲ ಲಾರಿ ಸ್ಟ್ಯಾಂಡು. ಅತ್ತೆ ಮಾತ್ರ ಒಂದು ರೊಟ್ಟಿ ಪೂರ್ತಿ ತಿಂದರು, ಯಾರನ್ನೂ ನೋಡದೆ. ಎಮ್ಮೆಗೆ ಹಾಕಿದರೆ ಅದು ಮೂತಿ ತಿರುವಿತು. ನನಗೆ ಬಂದ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಮಾವ ಕಟ್ಟೆಯ ಮೇಲೆ ಹಣೆಗೆ ಕೈ ಹಚ್ಚಿ ಕೂತಿದ್ದರು. ಅವರನ್ನು ನೋಡಿದರೆ ಅಯ್ಯೋ ಪಾಪ ಅನಿಸುತ್ತಿತ್ತು, ಅಡುಗೆಮನೆಗೆ ಬಂದರೆ ಮತ್ತೆ ಮೈ ಉರಿಯುತ್ತಿತ್ತು. ಅಟ್ಟ ಮೇಲೆ ಒಲೆ ಉರಿದು ಯಾರಿಗೆ ಏನು ಬಂತು?

ವಾರ ಕಳೆಯುವುದರೊಳಗೆ ಹೆಂಗಸರು ಪುಟ್ಟಿ ಹಿಡಿದು ಬಂದರು. ಅತ್ತೆ ಸುಳ್ಳು ಹೇಳಲಿಲ್ಲ. "ಈ ವರ್ಷದ ಕಾಳು ಕೆಟ್ಟದ ಬೇ. ನಿಮಗ ಕೊಡಾಕ ನನ್ನ ಕೈ ಏಳವಲ್ದು" ಎಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟರು. ಒಬ್ಬ ಮುದುಕಿ ಮಾತ್ರ ಪುಟ್ಟಿ ಕೆಳಗಿಟ್ಟು ಕೂತಳು. ಅತ್ತೆ ಮದುವೆಯಾಗಿ ಬಂದ ದಿನದಿಂದ ಈ ಹೊಲಕ್ಕೆ ಬರುತ್ತಿದ್ದವಳು.

"ನೀವು ಉಣ್ಣೂದು ನಾನು ಉಣ್ಣಂಗಿಲ್ಲೇನ್ರಿ ಅವ್ವಾರ? ಹಾಕ್ರಿ."

ಅತ್ತೆ ಬೇಡವೆಂದರು, ಆಕೆ ಏಳಲಿಲ್ಲ. ಕೊನೆಗೆ, ಎರಡು ಸಲ ತೊಳೆದಿದ್ದ ಜೋಳವನ್ನು ನಾನೇ ಅವಳ ಪುಟ್ಟಿಗೆ ಸುರಿದೆ. ಅತ್ತೆಯ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಒಬ್ಬಳಾದರೂ ಖಾಲಿ ಹೋಗಲಿಲ್ಲವಲ್ಲ ಎಂಬ ಸಮಾಧಾನ.

ಹೀಗೆ ಒಯ್ದ ಕಾಳನ್ನು ಸುಗ್ಗಿಯಲ್ಲಿ ತಿರುಗಿ ತರುವುದು ನಮ್ಮ ಕಡೆಯ ರೂಢಿ. ತರುವಾಗ ಒಯ್ದಷ್ಟನ್ನೇ ತರುವುದಿಲ್ಲ, ಪುಟ್ಟಿಯ ಮೇಲೆ ಒಂದು ಹಿಡಿ ಹೆಚ್ಚು ಹಾಕಿ ತರುತ್ತಾರೆ. ಆ ಹಿಡಿ ಹಗೇವಿನ ತಾಯಿಗೆ ಎನ್ನುತ್ತಾರೆ. ಮುದುಕಿ ಸುಗ್ಗಿಯ ತನಕ ಕಾಯಲಿಲ್ಲ. ಕೆಲವೇ ದಿನಕ್ಕೆ, ನಾನು ಅಂಗಳ ಸಾರಿಸುತ್ತಿದ್ದಾಗ, ಅದೇ ಪುಟ್ಟಿ ತಲೆಯ ಮೇಲೆ ಹೊತ್ತುಕೊಂಡು ಬಂದಳು.

"ಮಮ್ಮಕ್ಕಳು ಉಣವಲ್ಲವ್ರಿ ಅವ್ವಾರ. ಬಾಯಾಗ ಇಟ್ಟು ಉಗಳಾಕತ್ತಾವ. ತಪ್ಪು ತಿಳ್ಕೋಬ್ಯಾಡ್ರಿ," ಎಂದು ಪುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿದಳು.

ಕಾಳು ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಹಿಡಿ ಬೆಳ್ಳಗಿನ ಜೋಳ. ಆ ದಿನಗಳಲ್ಲಿ ಅವಳು ಅದನ್ನು ಯಾರ ಮನೆಯಲ್ಲಿ ಬೇಡಿ ತಂದಳೋ. ಆ ಹಿಡಿಯನ್ನು ಮೆಟ್ಟಿಲ ಮೇಲೆ ಬೇರೆಯಾಗಿ ಇಟ್ಟು, ಉಳಿದದ್ದನ್ನೂ ಸುರಿದು ಅವಳು ಹೊರಟಳು. ಅತ್ತೆ ಆ ಹಿಡಿಯನ್ನು ಬಾಚಿಕೊಂಡು ಅವಳ ಹಿಂದೆಯೇ ಓಣಿಗೆ ಓಡಿದರು. "ಇದನ್ನರೆ ಒಯ್ಯಿ ಬೇ, ಮಕ್ಕಳಿಗಿ ಗಂಜಿ ಆಗತದ." ಮುದುಕಿ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಕೊಟ್ಟದ್ದು ಹೊಳ್ಳಿ ಇಸ್ಕೋತಾರೇನ್ರಿ ಅವ್ವಾರ," ಎಂದು ಖಾಲಿ ಪುಟ್ಟಿ ಹಿಡಿದು ಹೋದಳು.

ಅತ್ತೆ ಒಳಗೆ ಬಂದು ಮಾವನ ಮುಂದೆ ನಿಂತು ಮುಷ್ಟಿ ಬಿಚ್ಚಿದರು.

"ಈ ಆಷಾಢದಾಗ," ಎಂದರು, "ಆಕಿ ನಮಗ ಕೊಟ್ಟು ಹೋದಳ್ರಿ."

ಮಾವ ಆ ಕೈಯನ್ನು ನೋಡಲಾರದೆ ಮುಖವನ್ನು ಗೋಡೆಯ ಕಡೆ ತಿರುವಿದರು.