ತೂಕ ನೋಡಿ ಕೊಂಡ ಕಂಪ್ಯೂಟರ್

1998ರಲ್ಲಿ ನಾನು ಕೊಳ್ಳೇಗಾಲದ ಒಂದು ರೇಷ್ಮೆ ಬೆಳೆಗಾರರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ವರ್ಷದ ಬಗ್ಗೆ ನನಗೆ ಅನುಮಾನವಿಲ್ಲ, ಮಿಕ್ಕಿದ್ದರ ಬಗ್ಗೆ ಇದೆ. ನಿವೃತ್ತನಾದ ಮೇಲೆ ಈ ಪ್ರಸಂಗವನ್ನು ಎಷ್ಟೋ ಕಡೆ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನುಣ್ಣಗಾಗುತ್ತ ಬಂದಿದೆ. ಜನ ನಗುವ ಕಡೆ ನಿಲ್ಲುವುದನ್ನೂ ನಗದ ಕಡೆ ಓಡುವುದನ್ನೂ ಅದು ತಾನೇ ಕಲಿತುಬಿಟ್ಟಿದೆ. ಬರೆಯುವಾಗ ಆ ನುಣುಪನ್ನು ಸ್ವಲ್ಪ ಕೆರೆಯಲು ನೋಡುತ್ತೇನೆ. ಇದು ನಗುವ ಕಥೆಯಲ್ಲ. ಈಗ, 2004ರಲ್ಲಿ ಕೂತು ನೆನೆದರೂ ನನಗೆ ಮೈ ಉರಿಯುತ್ತದೆ.

ಸಂಘದ ಮುಖ್ಯ ಕೆಲಸ ಚಾಕಿ ಸಾಕಣೆ. ರೇಷ್ಮೆ ಮೊಟ್ಟೆ ಒಡೆದು ಬಂದ ಹುಳುಗಳು ಮೊದಲ ಕೆಲವು ದಿನ ಬಹಳ ಸೂಕ್ಷ್ಮ. ಅವು ಎರಡು ಸಲ ಪೊರೆ ಕಳಚುವವರೆಗೆ ನಮ್ಮ ಕೇಂದ್ರದಲ್ಲೇ ಎಳೆ ಸೊಪ್ಪು ಹಾಕಿ ಸಾಕಿ, ಆಮೇಲೆ ರೈತರಿಗೆ ಕೊಡುತ್ತಿದ್ದೆವು. ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎರಡನೇ ಜ್ವರ ಎದ್ದ ಹುಳುವನ್ನು ಆ ದಿನವೇ ರೈತ ಒಯ್ಯಬೇಕು. ಹನೂರಿನ ಕಡೆಯವರಿಗೆ ಯಾವತ್ತು, ಯಳಂದೂರಿನ ಕಡೆಯವರಿಗೆ ಯಾವತ್ತು, ಯಾರ ತೋಟದಲ್ಲಿ ಸೊಪ್ಪು ಯಾವಾಗ ಬಲಿಯುತ್ತದೆ ಎಂದು ಲೆಕ್ಕ ಹಾಕಿ ರೈತರಿಗೆ ಅಂಚೆ ಕಾರ್ಡು ಬರೆಯುವುದು ದೊಡ್ಡ ತಲೆನೋವು. ಅದಕ್ಕೇ ಕಂಪ್ಯೂಟರ್ ಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು.

ಯಾವ ಕಂಪ್ಯೂಟರ್? ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಂಪನಿಗಳ ಬಣ್ಣದ ಕರಪತ್ರಗಳನ್ನು ತರಿಸಿಕೊಂಡು ಓದಿದೆ. ಮೆಗಾಹರ್ಟ್ಸ್, ಮಲ್ಟಿಮೀಡಿಯಾ, ನಲವತ್ತು ಸ್ಪೀಡಿನ ಸೀಡಿ ಡ್ರೈವ್. ರೇಷ್ಮೆ ಹುಳುವಿನ ತಾರೀಕು ಗುರುತು ಹಾಕಲು ಸ್ಪೀಕರ್ ಯಾಕೆ ಬೇಕೆಂದು ಯಾವ ಕರಪತ್ರವೂ ಹೇಳಲಿಲ್ಲ. ಕೊಳ್ಳುವವನಿಗೆ ಅರ್ಥವಾಗಬಾರದು ಎಂದೇ ಹುಟ್ಟಿದ ಭಾಷೆ ಅದು. ಅರ್ಥವಾಗದವನು ಪೆದ್ದನಂತೆ ಕಾಣುವ ಭಯಕ್ಕೆ ತಲೆಯಾಡಿಸುತ್ತಾನೆ, ಆ ತಲೆಯಾಟದ ಮೇಲೆ ವ್ಯಾಪಾರ ನಡೆಯುತ್ತದೆ. ನಾನೂ ಮಂಡಳಿಯ ಸಭೆಯಲ್ಲಿ ಮೆಗಾಹರ್ಟ್ಸ್ ಎಂದು ನಾಲ್ಕೈದು ಸಲ ಹೇಳಿದೆ.

ಮೈಸೂರಿನಿಂದ ಇಬ್ಬರು ಮಾರಾಟಗಾರರು ಒಂದೇ ದಿನ ತಮ್ಮ ತಮ್ಮ ಯಂತ್ರ ತಂದು ಸಂಘದ ಹಜಾರದಲ್ಲಿ ಇಟ್ಟರು. ಒಬ್ಬ ಸಣ್ಣ ಅಂಗಡಿಯವನು, ಬಿಡಿಭಾಗ ತಂದು ತಾನೇ ಜೋಡಿಸುವವನು. ಇನ್ನೊಬ್ಬ ಟೈ ಕಟ್ಟಿದ ದೊಡ್ಡ ಡೀಲರ್. ನಮ್ಮ ಅಧ್ಯಕ್ಷರು ಗುರುಮಲ್ಲಪ್ಪನವರು, ಯಳಂದೂರಿನ ಕಡೆಯ ಜಮೀನುದಾರರು, ರೇಷ್ಮೆ ಗೂಡಿನ ವ್ಯಾಪಾರವನ್ನೂ ಬಲ್ಲವರು. ಅವರು ಪರದೆಯ ಕಡೆ ನೋಡಲೇ ಇಲ್ಲ. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಮೊದಲು ಒಂದು ಕ್ಯಾಬಿನೆಟ್ಟನ್ನು ಎತ್ತಿದರು, ಇಳಿಸಿದರು. ಆಮೇಲೆ ಇನ್ನೊಂದನ್ನು.

"ತೂಕ್ವೇ ಇಲ್ವಲ್ಲ ಕಣ್ರಿ ಎರಡ್ರಲ್ಲೂವೆ. ಡಬ್ಬ ಇದ್ದಂಗದೆ."

ಸಣ್ಣ ಅಂಗಡಿಯವನು, "ಯಜಮಾನ್ರೇ, ಕಂಪ್ಯೂಟರ್ ಒಳಗೆ ತೂಕ ಇರಲ್ಲ" ಎಂದ.

"ಏನಪ್ಪ ಅಂಗಂದ್ರೆ? ನಮ್ಮನೇಲಿ ಎರಡು ಸ್ಟೆಬಿಲೈಜರ್ ಇದ್ದೊ. ಅಗೂರಾಗಿತ್ತಲ್ಲ, ಅದು ಒಂದು ಬೇಸಿಗೇಲಿ ಸುಟ್ಟೋಯ್ತು. ಕಲ್ಲಿನಂಗೆ ಭಾರ ಇದ್ದುದ್ದು ಇನ್ನೂ ಓಡ್ತಾ ಅದೆ."

ಈ ಮಾತಿಗೆ ಯಾರೂ ನಗಲಿಲ್ಲ. ನಗುವುದಕ್ಕೆ ಏನೂ ಇರಲಿಲ್ಲ. ವೋಲ್ಟೇಜು ಏಳುವ ಬೀಳುವ ನಮ್ಮೂರಲ್ಲಿ ಸ್ಟೆಬಿಲೈಜರನ್ನು ಎಲ್ಲರೂ ಹಾಗೇ ಕೊಳ್ಳುತ್ತಿದ್ದರು. ತಾಮ್ರ ಸುತ್ತಿದ್ದರೆ ಭಾರ, ಅಲ್ಯೂಮಿನಿಯಂ ಸುತ್ತಿದ್ದರೆ ಹಗುರ. ಜರಿ ಸೀರೆಯೂ ಹಾಗೆ, ಅಂಗೈಲಿಟ್ಟು ತೂಗಿ ನೋಡಿಯೇ ಬೆಲೆ. ಎಷ್ಟೋ ವರ್ಷ ಮೋಸ ಹೋಗಿ ಕಲಿತ ವಿದ್ಯೆ ಅದು. ತಪ್ಪಾದ ಜಾಗಕ್ಕೆ ಬಂದು ನಿಂತಿತ್ತು, ಅಷ್ಟೆ.

ಡೀಲರ್ ಮಾತ್ರ ಈ ಮಾತನ್ನು ಬಹಳ ಗಮನವಿಟ್ಟು ಕೇಳಿದ. ಮುಂದಿನ ವಾರ ಅವನೊಬ್ಬನೇ ಮತ್ತೆ ಬಂದ. "ಇದು ಎಕ್ಸ್‌ಪೋರ್ಟ್ ಮಾಡೆಲ್ ಸಾರ್, ಹೆವಿ ಡ್ಯೂಟಿ" ಎಂದು, ಟೇಬಲ್ಲಿನ ಮೇಲೆ ಮಲಗಿಸಿಡುವಂಥ ಕ್ಯಾಬಿನೆಟ್ಟನ್ನು ಇಬ್ಬರ ಕೈಲಿ ಇಳಿಸಿದ. ಗುರುಮಲ್ಲಪ್ಪನವರು ಎತ್ತಿ ನೋಡಿ, "ಆ, ಈಗ ಸರಿ" ಎಂದರು. ಹಿಂಭಾಗದಲ್ಲಿ ಬೆಳ್ಳಿ ಬಣ್ಣದ ಒಂದು ಚೀಟಿ ಅಂಟಿಸಿತ್ತು. ಈ ಸೀಲು ಹರಿದರೆ ವಾರಂಟಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಆಪರೇಟರಾಗಿ ಬಂದವಳು ಕಾಮಗೆರೆಯ ಮಾದೇವಿ. ಟೈಪಿಂಗ್ ಪಾಸು ಮಾಡಿ, ಕೊಳ್ಳೇಗಾಲದಲ್ಲೇ ಕಂಪ್ಯೂಟರ್ ಕೋರ್ಸು ಕಲಿತವಳು. ದಿನಗೂಲಿಯ ನೇಮಕ. ಬರುವ ವಾರ್ಷಿಕ ಸಭೆಯಲ್ಲಿ ಕಾಯಂ ಮಾಡುವುದಾಗಿ ಮಂಡಳಿ ಮಾತು ಕೊಟ್ಟಿತ್ತು. ಆ ಮಾತನ್ನು ನಂಬಿ ಅವಳು ಒಂದು ಶಾಲೆಯ ಗುಮಾಸ್ತೆ ಕೆಲಸ ಬಿಟ್ಟು ಬಂದಿದ್ದಳು. ಕೆಲಸ ಅಚ್ಚುಕಟ್ಟು. ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಯಂತ್ರ ಮಾತ್ರ ಒಮ್ಮೊಮ್ಮೆ ತಾನಾಗಿ ಆರಿಹೋಗುತ್ತಿತ್ತು, ಟೇಬಲ್ ಅಲುಗಿದರಂತೂ ಖಂಡಿತ. ಅವಳು ನನಗೆ ಹೇಳಿದಳು. ನಾನು ಡೀಲರಿಗೆ ಫೋನು ಮಾಡಿದೆ. "ಬಿಸಿಲು ಸಾರ್" ಎಂದ.

ಬೇಸಿಗೆಯ ಒಂದು ಮಧ್ಯಾಹ್ನ ಪಟ್ಟೆಂದು ಸದ್ದಾಗಿ ಪರದೆ ಕಪ್ಪಾಯಿತು. ಸುಟ್ಟ ವಾಸನೆ ಹಜಾರ ತುಂಬಿತು. ಮತ್ತೆ ಅದು ಏಳಲಿಲ್ಲ. ಆ ವಾರದ ತಾರೀಕುಗಳೆಲ್ಲ ಒಳಗೇ ಉಳಿದವು. ಯಾರಿಗೆ ಕಾರ್ಡು ಹೋಗಿದೆ, ಯಾರಿಗಿಲ್ಲ ಎಂದು ತಿಳಿಯದೆ ಒಂದೇ ದಿನ ಹನೂರಿನವರೂ ಒಡೆಯರಪಾಳ್ಯದ ಸುತ್ತಿನವರೂ ಹುಳು ಒಯ್ಯುವ ತಟ್ಟೆ ಹೊತ್ತು ಬಂದು ಜಗಳಕ್ಕೆ ನಿಂತರು. ಇನ್ನು ಕೆಲವರು ಬರಲೇ ಇಲ್ಲ. ಅವರ ಹುಳು ನಮ್ಮ ತಟ್ಟೆಗಳಲ್ಲೇ ಬೆಳೆದು, ಹಾಕಲು ಸೊಪ್ಪು ಸಾಲದೆ ಒಣಗಿದವು. ರೈತರಿಗೆ ಸಿಟ್ಟು ಬಂದಿದ್ದರಲ್ಲಿ ತಪ್ಪೇನಿಲ್ಲ.

ಡೀಲರ್ ಬಂದ. ಇದನ್ನು ನಾನು ಚೆನ್ನಾಗಿ ಬಲ್ಲೆ, ಇದಕ್ಕೆ ನೆನಪಿನ ಸಹಾಯ ಬೇಡ. ಅವನು ಯಂತ್ರವನ್ನು ಬಿಚ್ಚಲಿಲ್ಲ. ಸ್ವಿಚ್ಚು ಎರಡು ಸಲ ಒತ್ತಿ ನೋಡಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, "ಆಪರೇಟರ್ ಮಿಸ್ಟೇಕ್ ಸಾರ್. ಮೇಡಂ ಏನೋ ಒತ್ತಬಾರದ್ದು ಒತ್ತಿದ್ದಾರೆ. ವಾರಂಟಿಲಿ ಬರಲ್ಲ" ಎಂದ. ಕಾಫಿ ಕುಡಿದು ಹೋದ.

ಸಾಯಂಕಾಲದ ಹೊತ್ತಿಗೆ ಊರಿಗೆಲ್ಲ ಅದೇ ಮಾತು. ಕಾಮಗೆರೆ ಬಸ್ಸಿನಲ್ಲೂ ಅದೇ. ಆಯಮ್ಮ ಏನೋ ಒತ್ಬುಟ್ಲಂತೆ. ಹೊಲಿಗೆ ಮಿಷನ್ನು ಕೆಟ್ಟರೆ ದರ್ಜಿ ಏನೋ ಹೊಲಿಯಬಾರದ್ದು ಹೊಲಿದ ಎನ್ನುತ್ತಾರೆಯೇ? ಪಂಪ್‌ಸೆಟ್ ಸುಟ್ಟರೆ ರೈತ ಬಯ್ಯುವುದು ಕಂಪನಿಯನ್ನೋ ಕರೆಂಟನ್ನೋ ತಾನೇ? ಕಂಪ್ಯೂಟರಿಗೆ ಮಾತ್ರ ಈ ಮರ್ಯಾದೆ. ಅದು ಕೆಟ್ಟರೆ ಅಪರಾಧಿ ಅದರ ಮುಂದೆ ಕೂತವರು. ಅದನ್ನು ಆರಿಸಿದವರಲ್ಲ, ಮಾರಿದವರಲ್ಲ, ಮಾಡಿದವರಲ್ಲ. ಒಂದು ಯಂತ್ರ ಒಂದು ಗುಂಡಿ ಒತ್ತಿದ್ದಕ್ಕೆ ಸುಟ್ಟುಹೋಗುವಂತಿದ್ದರೆ ಆ ಗುಂಡಿಯನ್ನು ಇಟ್ಟವನು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಮಂಡಳಿ ತುರ್ತು ಸಭೆ ಸೇರಿ ಮಾದೇವಿಯನ್ನು ಕರೆಸಿತು. ಅವಳನ್ನು ಕೆಲಸದಿಂದ ಬಿಡಿಸುವುದು ಒಳಗೊಳಗೇ ನಿಶ್ಚಯವಾಗಿತ್ತು. ಕಂಪ್ಯೂಟರ್ ಕೆಡಿಸಿದವಳು ಎಂಬ ಹೆಸರು ಹೊತ್ತರೆ ಸುತ್ತಿನ ಯಾವ ಆಫೀಸಿನಲ್ಲೂ ಅವಳಿಗೆ ಕುರ್ಚಿ ಸಿಗುತ್ತಿರಲಿಲ್ಲ.

ಗುರುಮಲ್ಲಪ್ಪನವರು ಮೆತ್ತಗೇ ಶುರು ಮಾಡಿದರು. "ನೋಡವ್ವ, ನಿನ್ ಮೇಲೆ ನಮಗೇನೂ ದ್ವೇಸ ಇಲ್ಲ. ಏನ್ ಒತ್ದೆ ಅಂತ ಏಳ್ಬುಡು, ಮುಗೀತದೆ."

"ದಿನಾ ಒತ್ತೋದನ್ನೇ ಒತ್ದೆ ಸಾ."

"ಮಿಷನ್ ತಂದ್ಕೊಟ್ಟೋರೇ ಅಂದವ್ರೆ, ನೀನು ಏನೋ ಒತ್ತಿದ್ದೀಯೆ ಅಂತ."

ಮಾದೇವಿ ಎದ್ದುಹೋಗಿ, ಸುಟ್ಟ ಯಂತ್ರದ ಕೀಬೋರ್ಡನ್ನು ಕಿತ್ತು ತಂದು ಅಧ್ಯಕ್ಷರ ಮುಂದೆ ಇಟ್ಟಳು. "ಅದ್ಯಾವ ಗುಂಡಿ ಅಂತ ತೋರ್ಸ್‌ಬುಡಿ ಸಾ. ಎಲ್ಲಾ ಇಲ್ಲೇ ಅವೆ. ಯಾವ್ದು ಒತ್ತುದ್ರೆ ಸುಟ್ಟೋಯ್ತದೆ ಅಂತ ಗೊತ್ತಾದ್ರೆ ಇನ್ನೊಬ್ರಾದ್ರೂ ಉಸಾರಾಗಿರ್ತಾರೆ."

ಯಾರೂ ಕೈ ಚಾಚಲಿಲ್ಲ. ಒಬ್ಬ ನಿರ್ದೇಶಕರು ಕೀಬೋರ್ಡಿನಿಂದ ಕುರ್ಚಿಯನ್ನೇ ಹಿಂದಕ್ಕೆ ಸರಿಸಿಕೊಂಡರು.

ಆಗ ಮಧುವನಹಳ್ಳಿಯ ಕೆಂಪಣ್ಣ ಬಾಯಿ ಬಿಟ್ಟರು. ಹಿಪ್ಪುನೇರಳೆ ಬೆಳೆಯುವ ನಿರ್ದೇಶಕರು. ಅಧ್ಯಕ್ಷರನ್ನು ಕೆಣಕುವ ಯಾವ ಅವಕಾಶವನ್ನೂ ಬಿಡದವರು.

"ಅಧ್ಯಕ್ಷ್ರೆ, ಗೂಡಿನ್ ಮಾರ್ಕೆಟ್ಟಲ್ಲಿ ಒಂದ್ ಲಾಟು ಅರಾಜ್ ಕೂಗೋಕ್ ಮುಂಚೆ ಏನ್ ಮಾಡೀರಿ?"

"ಏನ್ ಮಾಡ್ತೀನಿ? ಗೂಡ ಕಿವಿತಾವ ಇಡ್ಕಂಡು ಅಳ್ಳಾಡುಸ್ತೀನಿ. ಒಂದೆರಡ ಕುಯ್ದು ಒಳೀಕೆ ಉಳ ನೋಡ್ತೀನಿ."

"ಒಂದ್ ಗೂಡ ಕುಯ್ದು ನೋಡೋರು, ಇಷ್ಟ್ ದೊಡ್ಡ ಪೆಟ್ಟಿಗೇನ ಬರೀ ಎತ್ತಿ ಇಳ್ಸಿ ತಕಂಡ್ರಾ? ಗೂಡ್ನೋನು ಸೀಲ್ ಮಾಡೀವ್ನಿ, ಕುಯ್ಯಂಗಿಲ್ಲ ಅಂದಿದ್ರೆ ಅವನ್ ಲಾಟ ಮುಟ್ತಿದ್ರಾ ನೀವು?"

"ಸೀಲ್ ಕಿತ್ರೆ ಗ್ಯಾರಂಟಿ ಓಯ್ತದೆ ಕಣಪ್ಪ."

"ಕೆಟ್ಟು ಕುಂತದೆ, ಇನ್ನೇನ್ ಗ್ಯಾರಂಟಿ ಉಪ್ಪಾಕಿ ಮಡೀಕಂಡೀರಾ? ಕುಯ್ರಿ ಸುಮ್ನೆ."

ಸೀಲನ್ನು ಹರಿದವರು ಯಾರು? ನಾನು ಹೇಳುವ ಕಥೆಯಲ್ಲಿ ನಾನೇ ಹರಿಯುತ್ತೇನೆ. ಕೆಂಪಣ್ಣ ಹೇಳುವಾಗ ಕೆಂಪಣ್ಣ ಹರಿಯುತ್ತಾರೆ. ಮಾದೇವಿ ತನ್ನ ತಲೆಪಿನ್ನಿನಿಂದ ತಾನೇ ಎಬ್ಬಿಸಿದ್ದು ಎನ್ನುತ್ತಾಳೆ. ಚೀಟಿಯ ಅಂಟು ನನ್ನ ಉಗುರಿನಲ್ಲಿ ಸಿಕ್ಕಿದ್ದು ನನಗೆ ಈಗಲೂ ಗೊತ್ತಾಗುತ್ತದೆ. ಆದರೂ ಮೂವರಲ್ಲಿ ಯಾರನ್ನು ನಂಬಬೇಕೆಂದು ಕೇಳಿದರೆ ಮಾದೇವಿಯನ್ನು ಎನ್ನುತ್ತೇನೆ. ಅದನ್ನು ಹರಿಯಲು ನಮಗಿಂತ ಹೆಚ್ಚಿನ ಕಾರಣ ಇದ್ದದ್ದು ಅವಳಿಗೆ.

ಒಳಗೆ ಏನಿತ್ತು ಎಂಬುದರಲ್ಲಿ ಮಾತ್ರ ಮೂವರ ಕಥೆಯೂ ಒಂದೇ. ಹಸಿರು ಬೋರ್ಡಿನ ಕೆಳಗೆ, ಕ್ಯಾಬಿನೆಟ್ಟಿನ ತಳಕ್ಕೆ ಒಂದು ಕಬ್ಬಿಣದ ಹಲಗೆ ಹಾಕಿತ್ತು. ಕಿಟಕಿ ಸರಳಿಗೆ ಬಳಿಯುತ್ತಾರಲ್ಲ, ಆ ಕೆಂಪು ರೆಡ್ ಆಕ್ಸೈಡು ಅದಕ್ಕೂ ಬಳಿದಿತ್ತು. ಯಾವುದೋ ವೆಲ್ಡಿಂಗ್ ಶಾಪಿನಲ್ಲಿ ಕತ್ತರಿಸಿದ ಅಂಚು ಇನ್ನೂ ಒರಟಾಗಿತ್ತು. ಅದನ್ನು ಹಿಡಿದಿದ್ದ ಸ್ಕ್ರೂ ಸಡಿಲವಾಗಿ, ಹಲಗೆಯ ಒಂದು ಮೂಲೆ ಮೇಲೆದ್ದು ಬೋರ್ಡಿಗೆ ತಗುಲಿತ್ತು. ತಗುಲಿದ ಕಡೆ ಕಪ್ಪಗೆ ಸುಟ್ಟ ಗುರುತು. ಯಂತ್ರದ ಯಾವ ಕೆಲಸಕ್ಕೂ ಆ ಕಬ್ಬಿಣ ಬೇಕಿರಲಿಲ್ಲ. ಅದು ಇದ್ದದ್ದು ನಮ್ಮ ಅಧ್ಯಕ್ಷರ ಎರಡು ಕೈಗಳಿಗಾಗಿ.

ಗುರುಮಲ್ಲಪ್ಪನವರು ಹಲಗೆಯನ್ನು ಬಿಚ್ಚಿಸಿ ಅಂಗೈ ಮೇಲೆ ಇಟ್ಟುಕೊಂಡರು. ಅಭ್ಯಾಸಬಲ, ಕೈ ತಾನಾಗಿ ಒಮ್ಮೆ ಮೇಲೆ ಕೆಳಗೆ ಆಡಿತು. ಮುಖ ಕಪ್ಪಿಟ್ಟಿತು.

ನಾನು ಅಲ್ಲಿಂದಲೇ ಡೀಲರಿಗೆ ಫೋನು ಮಾಡಿದೆ. ನಿರಾಕರಿಸುತ್ತಾನೆ ಎಂದುಕೊಂಡಿದ್ದೆ. ಅವನು ನಿರಾಕರಿಸಲೇ ಇಲ್ಲ.

"ತೂಕ ಬೇಕು ಅಂದಿದ್ದು ನೀವೇ ತಾನೇ ಸಾರ್? ಕಸ್ಟಮರ್ ಕೇಳಿದ್ದನ್ನ ಕೊಟ್ವಿ. ಮತ್ತೆ ಸೀಲ್ ಯಾಕೆ ಓಪನ್ ಮಾಡಿದ್ರಿ? ಇನ್ನು ನಾವು ಏನೂ ಮಾಡಕ್ಕಾಗಲ್ಲ."

ಅವನ ಧ್ವನಿಯಲ್ಲಿ ನಾಚಿಕೆ ಇರಲಿಲ್ಲ ಎಂಬುದಲ್ಲ ನನ್ನನ್ನು ಇವತ್ತಿಗೂ ಸುಡುವುದು. ಅವನಿಗೆ ನಿಜವಾಗಿಯೂ ತಾನು ನ್ಯಾಯವಾಗಿಯೇ ನಡೆದುಕೊಂಡೆ ಎನಿಸಿತ್ತು, ಸುಡುವುದು ಅದು. ಸೀಲು ಹರಿಯದಿದ್ದರೆ ತಪ್ಪು ಮಾದೇವಿಯದು. ಹರಿದರೆ ತಪ್ಪು ನಮ್ಮದು. ಅವನ ಪಾಲಿಗೆ ತಪ್ಪು ಬರುವ ದಾರಿಯೇ ಇರಲಿಲ್ಲ. ಆ ಬೆಳ್ಳಿಯ ಚೀಟಿ ಯಂತ್ರವನ್ನು ಧೂಳಿನಿಂದ ಕಾಯುತ್ತಿರಲಿಲ್ಲ, ಅವನನ್ನು ನಮ್ಮಿಂದ ಕಾಯುತ್ತಿತ್ತು. ಗ್ರಾಹಕರ ವೇದಿಕೆಗೆ ಹೋಗುತ್ತೇವೆ ಎಂದು ನಾವು ಬರೆದ ಮೇಲೆ ಯಂತ್ರವನ್ನು ವಾಪಸು ಪಡೆದು ದುಡ್ಡು ಕೊಟ್ಟ. ಕ್ಷಮೆ ಕೇಳಲಿಲ್ಲ. ಅಂಥದೇ ಕಬ್ಬಿಣ ಹಾಕಿದ ಯಂತ್ರಗಳು ಇನ್ನೆಷ್ಟು ಸಂಘಗಳಿಗೆ ಹೋಗಿವೆಯೋ ಗೊತ್ತಿಲ್ಲ. ಹಲಗೆಯನ್ನು ಮಾತ್ರ ನಾವು ಕೊಡಲಿಲ್ಲ.

ಮಾದೇವಿಯನ್ನು ಕೆಲಸಕ್ಕೆ ಬಾ ಎಂದು ಮಂಡಳಿ ಹೇಳಿತು. ಅವಳು ಒಪ್ಪಲಿಲ್ಲ. "ಕೆಡಿಸ್ದೋಳು ನಾನಲ್ಲ ಅಂತ ನಾಕ್ ಜನ ನಿರ್ದೇಶಕ್ರಿಗೆ ಗೊತ್ತಾದ್ರೆ ಏನಾಯ್ತು ಸಾ? ಬಸ್ಸಲ್ಲಿ ಆಡ್ಕಳೋರಿಗೆ ಗೊತ್ತಾಗ್ಬೇಕಲ್ಲ" ಎಂದಳು. ವಾರ್ಷಿಕ ಸಭೆಯಲ್ಲಿ, ಎಲ್ಲ ಕಡೆಯ ಸದಸ್ಯರ ಮುಂದೆ, ಗುರುಮಲ್ಲಪ್ಪನವರು ಹಲಗೆಯನ್ನು ಎರಡು ಕೈಲಿ ಎತ್ತಿ ಹಿಡಿದರು. ಭಾಷಣಪ್ರಿಯರು, ಅವತ್ತು ಮಾತ್ರ ಮಾತು ಸಣ್ಣದಾಯಿತು.

"ಈ ಕಬ್ಣವ ದುಡ್ಡು ಕೊಟ್ಟು ತಂದೋನು ನಾನು. ಆಯಮ್ಮ ಏನೂ ಒತ್ತಿಲ್ಲ."

ಹಿಂದಿನಿಂದ ಯಾರೋ, "ಕೆ.ಜಿ.ಗೆ ಎಷ್ಟ್ ಕೊಟ್ರಿ ಅಧ್ಯಕ್ಷ್ರೆ?" ಎಂದು ಕೂಗಿದರು. ಸಭೆ ನಕ್ಕಿತು. ಅವರು ಕೂತುಕೊಳ್ಳದೆ ನಗು ಮುಗಿಯುವ ತನಕ ಹಲಗೆ ಹಿಡಿದುಕೊಂಡೇ ನಿಂತಿದ್ದರು. ಮಾದೇವಿಯ ಕೆಲಸ ಕಾಯಮಾಯಿತು.

ಹೊಸ ಯಂತ್ರಕ್ಕೆ ಮೈಸೂರಿನ ಆ ಸಣ್ಣ ಅಂಗಡಿಗೆ ನಾವೇ ಹೋದೆವು, ಮಾದೇವಿಯೂ ಬಂದಳು. ಅಧ್ಯಕ್ಷರು ಕ್ಯಾಬಿನೆಟ್ಟನ್ನು ಎತ್ತಲಿಲ್ಲ. "ಕುಯ್ಯಪ್ಪ" ಎಂದರು. ಅವನು ಮುಚ್ಚಳ ತೆಗೆದ. ಐದು ಜನ ಬಗ್ಗಿ ನೋಡಿದೆವು. ಒಳಗಿದ್ದದ್ದು ನಮಗೆ ಒಂದೂ ಅರ್ಥವಾಗಲಿಲ್ಲ ಎಂಬುದನ್ನು ನಾನು ಸಾಮಾನ್ಯವಾಗಿ ಬಿಟ್ಟು ಹೇಳುತ್ತೇನೆ. ಆದರೂ ನೋಡಿದೆವು. ನಮ್ಮೆದುರು ಮುಚ್ಚಳ ತೆಗೆಯಲು ಅವನು ಹಿಂಜರಿಯಲಿಲ್ಲ, ಅಷ್ಟು ಅರ್ಥವಾಯಿತು.

ಈಗ ನಿವೃತ್ತನಾದ ನನ್ನನ್ನು ಜನ ಯಾವ ಕಂಪ್ಯೂಟರ್ ತೆಗೆದುಕೊಳ್ಳಲಿ, ಯಾವ ಪ್ರಿಂಟರ್ ಒಳ್ಳೆಯದು ಎಂದು ಕೇಳುತ್ತಾರೆ. ಕರಪತ್ರಗಳ ಭಾಷೆ ನನಗೆ ಇವತ್ತಿಗೂ ಬರುವುದಿಲ್ಲ. ನನ್ನ ಕೆಲಸ ಕಲಿಸಿದ್ದು ಒಂದೇ. ಕೊಳ್ಳುವ ಮೊದಲು, ಇದು ಕೆಟ್ಟ ದಿನ ತಪ್ಪು ಯಾರ ತಲೆಗೆ ಬರುತ್ತದೆ ಎಂದು ಕೇಳಿ. ಉತ್ತರ ಕೊಡದವನ ಅಂಗಡಿಯಿಂದ ಎದ್ದು ಬನ್ನಿ.

ಇದೂ ನಾನು ಕಂಡುಹಿಡಿದದ್ದಲ್ಲ. ಅವತ್ತು ಆ ಅಂಗಡಿಯವನು ಮುಚ್ಚಳ ಹಾಕುತ್ತ, "ಇದು ಕೆಡೋದೇ ಇಲ್ಲ ಮೇಡಂ, ಧೈರ್ಯವಾಗಿ ತಗೊಂಡು ಹೋಗಿ" ಎಂದಾಗ ಮಾದೇವಿ ಬಿಲ್ಲನ್ನು ಅವನ ಕಡೆಗೇ ತಿರುಗಿಸಿ ತಳ್ಳಿದಳು.

"ಕೆಡಲ್ಲ ಅನ್ಬ್ಯಾಡಿ. ಕೆಟ್ರೆ ಮೊದ್ಲು ಬಿಚ್ಚಿ ನೋಡ್ತೀನಿ, ಆಮೇಲ್ ಮಾತಾಡ್ತೀನಿ ಅಂತ ಬರ್ದುಕೊಡಿ."

ಅವನು ನಮ್ಮ ಅಧ್ಯಕ್ಷರ ಮುಖ ನೋಡಿದ. ಗುರುಮಲ್ಲಪ್ಪನವರು ಜೇಬಿನಿಂದ ತಮ್ಮ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಕೊಟ್ಟರು.