ಸದಾ ವಿಳಾಸ ಬಲ್ಲವರು

ನಮ್ಮ ಆಯ್ಲಿ ಅತ್ತೆಗೆ ತೊಂಬತ್ತೊಂದು. ನಮ್ಮ ಗಣಿಯೂರು ಹ್ಯಾನ್‌ಕಾಕಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು. ಈಗಿನ ಮೇಯರ್ ಕೂಡ ಅವಳೆದುರು ಟೋಪಿ ತೆಗೆದು ನಿಲ್ಲುತ್ತಾನೆ. ಅಂಥ ಗಟ್ಟಿಗಿತ್ತಿ ಹೋದ ಚಳಿಗಾಲ ನನ್ನ ಕೈ ಹಿಡಿದುಕೊಂಡಳು.

"ಎಲ್ನಾ, ನೀನು ಹಳೇ ಕಾಗದ ಎಲ್ಲಾ ಕೆದಕ್ತೀಯಲ್ಲ, ನಮ್ಮಪ್ಪ ಎಲ್ಲಿಗೆ ಹೋದ ಅಂತ ನೋಡೇ. ಸಾಯೋಕ್ಮುಂಚೆ ಗೊತ್ತಾಗ್ಲಿ."

ಅವಳಪ್ಪ, ಅಂದರೆ ನನ್ನ ಅಜ್ಜ ಕಾಲ್ಲೆ ಕಂಗಾಸ್, ತಾಮ್ರದ ಗಣಿ ಮುಚ್ಚಿದ ವರ್ಷ ಕೆಲಸ ಹುಡುಕಲು ಹೋದವನು ತಿರುಗಿ ಬರಲಿಲ್ಲ. ಅತ್ತೆಗೆ ಆಗ ಆರು ವರ್ಷ. ಬರೆಯಲು ಕಲಿತ ಮೇಲೆ ಪೆನ್ಸಿಲಿನಲ್ಲಿ ಅಪ್ಪನಿಗೆ ಪತ್ರ ಬರೆದು ಬರೆದು ಅಣ್ಣನ ಕೈಗೆ ಕೊಟ್ಟಳಂತೆ. ಎಲ್ಲವೂ ವಾಪಸ್ ಬಂದವು ಎಂದನಂತೆ ಅಣ್ಣ. ಆ ಅಣ್ಣ ವೈನೋ ತೀರಿಹೋದ ನನ್ನ ತಂದೆ. ಚರ್ಚಿನ ಹಿರಿಯ, ಊರೇ ಮೆಚ್ಚಿದ ಮನುಷ್ಯ. ಅಪ್ಪನ ಪ್ರಾಮಾಣಿಕತೆಯನ್ನು ನಾನು ಎಷ್ಟು ಜನರ ಮುಖಕ್ಕೆ ಹಿಡಿದು ಬೈದಿಲ್ಲ!

ಸಾವಿರದ ಒಂಬೈನೂರ ನಲವತ್ತರ ಜನಗಣತಿಯಲ್ಲಿ ಅಜ್ಜಿಯ ಹೆಸರಿನ ಮುಂದೆ 'ವಿಧವೆ' ಎಂದಿತ್ತು. ಉತ್ತರ ಹೇಳಿದ್ದು ಅವಳೇ ಎನ್ನುವ ಗುರುತೂ ಪಕ್ಕದಲ್ಲಿತ್ತು. ನಾನು ನಂಬಲಿಲ್ಲ. ಗಂಡ ಬಿಟ್ಟುಹೋದ ಎಂದು ಆಗ ಯಾವ ಹೆಂಗಸು ಹೇಳುತ್ತಿದ್ದಳು? ನಮ್ಮ ಬೀದಿಯ ಅರ್ಧ ವಿಧವೆಯರ ಗಂಡಂದಿರು ದೂರದ ಮೊಂಟಾನಾದ ಗಣಿಗಳಲ್ಲಿ ಸುಖವಾಗಿ ಉಸಿರಾಡುತ್ತಿದ್ದರು.

ಹಾಗಾಗಿ ನಲವತ್ತೆರಡರ ಸೈನ್ಯದ ನೋಂದಣಿ ಹುಡುಕಿದೆ. ಯುದ್ಧ ಬಂದಾಗ ಐವತ್ತು ದಾಟಿದವರೂ ಹೆಸರು ಬರೆಸಬೇಕಿತ್ತು. ಅಜ್ಜನ ಚೀಟಿ ಸಿಕ್ಕಿತು: ಮೊಂಟಾನಾದ ಬ್ಯೂಟ್ ಊರು, ಗಣಿ ಕೆಲಸ. 'ನಿಮ್ಮ ವಿಳಾಸ ಸದಾ ಬಲ್ಲವರು ಯಾರು?' ಎಂಬ ಪ್ರಶ್ನೆಗೆ ಅಜ್ಜನ ಉತ್ತರ: ವೈನೋ ಕಂಗಾಸ್. ಕೆಳಗೆ ಡೆಟ್ರಾಯಿಟಿನ ಒಂದು ಬಾಡಿಗೆ ಕೋಣೆಯ ವಿಳಾಸ. ಕಾರ್ಖಾನೆ ಕೆಲಸಕ್ಕೆಂದು ಅಪ್ಪ ಆ ಕೋಣೆಗೆ ಹೋಗಿ ಆಗ ಎರಡು ತಿಂಗಳಾಗಿತ್ತು, ಅಷ್ಟೇ. ಅಪ್ಪನೇ ಬರೆದು ತಿಳಿಸದೆ ಬ್ಯೂಟ್‌ನಲ್ಲಿದ್ದವನಿಗೆ ಅದು ಹೇಗೆ ಗೊತ್ತಾಗಬೇಕು?

ನಾಚಿಕೆಯಿಂದ ಮೈಯೆಲ್ಲ ಕುಗ್ಗಿತು. ಎರಡು ವಾರ ಅತ್ತೆಯ ಮನೆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದವಳು, ಥೂ, ನಾನೂ ಅಪ್ಪ ಮಾಡಿದ್ದನ್ನೇ ಮಾಡಿದೆ.

"ಏನೂ ಸಿಗ್ಲಿಲ್ಲ ಅತ್ತೆ."

"ಹೋಗ್ಲಿ ಬಿಡೇ. ನಿಮ್ಮಪ್ಪನೂ ಪಾಪ, ಎಷ್ಟು ಹುಡುಕ್ದ. ನೀನೂ ಅವನ ಹಾಗೇ. ಸುಳ್ಳು ಹೇಳೋಕೆ ಬರಲ್ಲ ನಿಮಗೆ." ಹೀಗೆಂದು ಏಲಕ್ಕಿ ಬ್ರೆಡ್ಡಿನ ದೊಡ್ಡ ತುಂಡು ಕೊಯ್ದು ನನ್ನ ತಟ್ಟೆಗೆ ಹಾಕಿದಳು.

ತಟ್ಟೆ ಪಕ್ಕಕ್ಕೆ ಸರಿಸಿದೆ. ಚೀಲದಿಂದ ಆ ಚೀಟಿಯ ಪ್ರತಿ ತೆಗೆದು ಮೇಜಿನ ಮೇಲಿಟ್ಟೆ. ವಿಳಾಸದ ವಿಷಯವನ್ನೂ ಹೇಳಿದೆ. ಅತ್ತೆ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದಳು. ಕಾಫಿ ಆರಿಹೋಯಿತು.

"ಯಾರಿಗೂ ಹೇಳ್ಬೇಡ ಅಂತ ಅಜ್ಜಿ ಆಣೆ ಹಾಕಿಸಿದ್ರೇನೋ ಅತ್ತೆ," ಎಂದೆ. "ಚರ್ಚಲ್ಲೆಲ್ಲಾ ವಿಧವೆ ಅಂದ್ಬಿಟ್ಟಿದ್ರಲ್ಲ, ಅದಕ್ಕೆ ಅಪ್ಪ..."

"ಸುಮ್ನಿರೇ. ಸತ್ತೋನ ಪರ ವಕೀಲಿಕೆ ಬೇಡ. ನಮ್ಮಪ್ಪ ಯಾವಾಗ ತೀರ್ಕೊಂಡ?"

"ಐವತ್ತೇಳರಲ್ಲಿ. ಬ್ಯೂಟ್‌ನಲ್ಲೇ. ಸಾವಿನ ದಾಖಲೆನೂ ಸಿಕ್ತು."

ಅತ್ತೆ ಭೂತಗನ್ನಡಿಯನ್ನು ಚೀಟಿಯ ಮೇಲೆ ಮಗುಚಿಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ.

"ಐವತ್ತೊಂದರಲ್ಲಿ ಮದುವೆಯಾಗಿ ನಾವಿಬ್ರೂ ಸಿಯಾಟಲ್‌ಗೆ ಹೋದ್ವಿ," ಎಂದಳು. "ರೈಲು ಬ್ಯೂಟ್‌ನಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ನನ್ನ ಗಂಡ ಇಳಿದು ಊರು ನೋಡೋಣ ಅಂತ ಕರೆದ್ರು. ಟಿಕೆಟ್ ತಂದ್ಕೊಟ್ಟಾಗ ವೈನೋ ಹೇಳಿದ್ದ, 'ಬ್ಯೂಟ್‌ನಲ್ಲಿ ಮಾತ್ರ ಇಳೀಬೇಡ ಆಯ್ಲಿ, ಚಳಿ ಜಾಸ್ತಿ' ಅಂತ. ಅಣ್ಣ ಹೇಳಿದ್ನಲ್ಲ ಅಂತ, ನಾನು ಇಳೀಲಿಲ್ಲ ಕಣೇ."